ಗೇಟು ನಿಮ್ಮದು, ಗೇಟಿನ ಮುಂದಿನ ರಸ್ತೆ?

ದಾವಣಗೆರೆಯ ಎಂ.ಸಿ.ಸಿ. 'ಬಿ' ಬ್ಲಾಕಿನ ಹಿರಿಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನಮ್ಮ ಗೇಟಿಗೆ ಅಡ್ಡವಾಗಿ, ರಸ್ತೆಯ ಅಂಚಿನಲ್ಲಿ, ನನ್ನದೇ ಕಾರನ್ನು ಐದಾರು ವರ್ಷಗಳಿಂದ ನಿಲ್ಲಿಸುತ್ತಿದ್ದೇನೆ. ಪೋರ್ಟಿಕೋದಲ್ಲಿ ಮೇಲಿನ ಮನೆಯ ಬಾಡಿಗೆಯವರ ಎರಡು ಬೈಕುಗಳೂ ಮೊಮ್ಮಕ್ಕಳ ಸೈಕಲ್ಲುಗಳೂ ತುಂಬಿಕೊಂಡಿವೆ. ಮೊನ್ನೆ ಎದುರು ಮನೆಯವರು, ರಸ್ತೆ ನಿಮ್ಮ ಸ್ವಂತದ್ದಲ್ಲ ಎಂದು ಜಗಳ ತೆಗೆದರು. ನನ್ನ ಗೇಟಿಗೆ ನಾನೇ ಅಡ್ಡ ನಿಲ್ಲಿಸಿಕೊಂಡರೆ ತೊಂದರೆ ಯಾರಿಗೆ? ಬೇರೆಯವರು ಅಲ್ಲಿ ನಿಲ್ಲಿಸಬಾರದೆಂದು ನೋ ಪಾರ್ಕಿಂಗ್ ಫಲಕ ತೂಗುಹಾಕಿ, ಎರಡು ಹೂಕುಂಡಗಳನ್ನೂ ಇಟ್ಟಿದ್ದೇನೆ. ಅದೂ ತಪ್ಪೇ? ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗನಿಗೆ ಅವನ ಮನೆಯ ಮುಂದೆಯೇ ಕಾರು ನಿಲ್ಲಿಸಿದ್ದಕ್ಕೆ ದಂಡ ಬಿತ್ತಂತೆ. ನಮ್ಮಲ್ಲೂ ಹಾಗೆಯೇ ಇದೆಯೇ?"

ಮಾನ್ಯರೇ,

ಎದುರು ಮನೆಯವರ ಮಾತಿನ ಧಾಟಿ ಒರಟಾಗಿದ್ದಿರಬಹುದು, ಆದರೆ ಮಾತಿನಲ್ಲಿ ತಪ್ಪಿಲ್ಲ. ನಿಮ್ಮ ಮನೆಯ ಕ್ರಯಪತ್ರವನ್ನು ಒಮ್ಮೆ ತೆಗೆದು ಚಕ್ಕುಬಂದಿಯನ್ನು ಓದಿ ನೋಡಿ. ಗೇಟು ಇರುವ ದಿಕ್ಕಿಗೆ 'ರಸ್ತೆ' ಎಂದು ಬರೆದಿರುತ್ತದೆ. ಅಂದರೆ ರಸ್ತೆ ನಿಮ್ಮ ಸ್ವತ್ತಿನ ಎಲ್ಲೆಯೇ ಹೊರತು ಅದರ ಭಾಗವಲ್ಲ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ ನಗರದ ಸಾರ್ವಜನಿಕ ರಸ್ತೆಗಳು ಪಾಲಿಕೆಯ ವಶದಲ್ಲಿರುತ್ತವೆ. ಚರಂಡಿಯ ಮೇಲಿನ ಚಪ್ಪಡಿಯನ್ನೂ ಇಳಿಜಾರನ್ನೂ ನೀವೇ ಖರ್ಚು ಮಾಡಿ ಹಾಕಿಸಿರಬಹುದು, ಅಷ್ಟಕ್ಕೇ ಅದರಡಿಯ ನೆಲ ನಿಮ್ಮದಾಗುವುದಿಲ್ಲ.

ಹಾಗಿದ್ದರೆ ಗೇಟಿನಿಂದ ನಿಮಗೆ ದಕ್ಕುವುದೇನು? ಮನೆಯಿಂದ ರಸ್ತೆಗೆ, ರಸ್ತೆಯಿಂದ ಮನೆಗೆ ಅಡ್ಡಿಯಿಲ್ಲದೆ ಹೋಗಿಬರುವ ಹಕ್ಕು. ಈ ಹಕ್ಕನ್ನು ಕಾಪಾಡಲೆಂದೇ 1989ರ ರಸ್ತೆ ನಿಯಮಗಳು ಬಸ್ ನಿಲ್ದಾಣ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲುಗಳ ಜೊತೆಗೆ ಯಾವುದೇ ಆವರಣದ ಪ್ರವೇಶದ್ವಾರಕ್ಕೆ ಅಡ್ಡವಾಗಿ ವಾಹನ ನಿಲ್ಲಿಸುವುದನ್ನೂ ನಿಷೇಧಿಸಿದ್ದವು. ಅವುಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಗಳು ಬಂದವು. ನಿಂತ ವಾಹನದಿಂದ ಇತರರಿಗೆ ಅಪಾಯ, ಅಡ್ಡಿ, ಅನನುಕೂಲ ಆಗಬಾರದೆಂಬ ತತ್ತ್ವ ಅಲ್ಲಿಯೂ ಮುಂದುವರಿದಿದೆ. ಇಲ್ಲಿ ಒಂದು ಸೂಕ್ಷ್ಮವನ್ನು ನೀವು ಗಮನಿಸಬೇಕು. 1989ರ ಆ ಸಾಲು ಪ್ರವೇಶದ್ವಾರದ ಬಗ್ಗೆ ಮಾತನಾಡಿತೇ ವಿನಾ, ಅಡ್ಡ ನಿಂತ ಕಾರು ಯಾರದೆಂದು ಕೇಳಲಿಲ್ಲ. ಮನೆಯ ಯಜಮಾನನ ಕಾರಿಗೆ ವಿನಾಯಿತಿಯನ್ನೂ ಬರೆಯಲಿಲ್ಲ. ಬೇರೆಯವರ ಕಾರನ್ನು ನಿಮ್ಮ ಗೇಟಿನಿಂದ ದೂರವಿಡುವ ನಿಯಮ ನಿಮ್ಮ ಕಾರನ್ನೂ ದೂರವಿಡುತ್ತದೆ.

ವ್ಯವಹಾರದಲ್ಲಿ ಮಾತ್ರ ಸಂಗತಿ ಸ್ವಲ್ಪ ಬೇರೆ. ಒಂದೇ ಕುಟುಂಬ ವಾಸಿಸುವ ಮನೆಯ ಗೇಟಿಗೆ ಆ ಮನೆಯವರದೇ ಕಾರು ಅಡ್ಡ ನಿಂತಿದ್ದರೆ ದೂರು ಕೊಡುವವರೇ ಇರುವುದಿಲ್ಲ, ದೂರಿಲ್ಲದೆ ಸಂಚಾರ ಪೊಲೀಸರು ನಮ್ಮ ಬಡಾವಣೆಗಳ ಅಡ್ಡರಸ್ತೆಗಳಿಗೆ ಸಾಮಾನ್ಯವಾಗಿ ಬರುವುದೂ ಇಲ್ಲ. ನಿಮ್ಮ ಪ್ರಶ್ನೆಯ ಹಿಂದಿರುವ ಧೈರ್ಯ ಇದೇ ಇರಬೇಕು. ಆದರೆ ನಿಮ್ಮ ಪತ್ರವೇ ಆ ಧೈರ್ಯವನ್ನು ತೆಗೆಯುತ್ತದೆ: ಮೇಲಿನ ಮನೆಯ ಬಾಡಿಗೆಯವರ ಎರಡು ಬೈಕುಗಳು ಹೊರಗೆ ಬರಬೇಕಾದದ್ದು ಅದೇ ಗೇಟಿನಿಂದ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹುಡುಗ ನಿಮ್ಮ ಕಾರಿನ ಬಂಪರಿಗೂ ಗೇಟಿನ ಕಂಬಕ್ಕೂ ನಡುವೆ ಬೈಕನ್ನು ಓರೆಯಾಗಿ ತಳ್ಳಿಕೊಂಡು ಹೋಗುತ್ತಿದ್ದರೆ, ಮನೆಯೊಡೆಯರೆಂಬ ಸಂಕೋಚಕ್ಕೆ ಅವನು ಸುಮ್ಮನಿರುತ್ತಾನೆಯೇ ಹೊರತು ಅವನಿಗೆ ಅಡ್ಡಿಯಾಗುತ್ತಿಲ್ಲ ಎಂದಲ್ಲ.

ಮಗನ ಪ್ರಸಂಗಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆ ಸಾರ್ವಜನಿಕವಾಗಲಿ ಖಾಸಗಿಯಾಗಲಿ ಮನೆಯೊಳಗೆ ಹೋಗುವ ವಾಹನದಾರಿಗೆ ಅಡ್ಡ ನಿಲ್ಲಿಸುವುದನ್ನು ನಿಷೇಧಿಸುತ್ತದೆ. ಅಲ್ಲಿನ ನಗರಾಡಳಿತ ಬಯಸಿದರೆ ತನ್ನದೇ ಉಪನಿಯಮ ಮಾಡಿ, ಮನೆಯ ಮಾಲೀಕನಿಗೋ ಬಾಡಿಗೆದಾರನಿಗೋ ಪರವಾನಗಿ ಚೀಟಿ ಕೊಟ್ಟು, ತನ್ನ ದಾರಿಗೆ ತಾನೇ ಅಡ್ಡ ನಿಲ್ಲಿಸಲು ಬಿಡಬಹುದು. ನಿಮ್ಮ ಮಗನ ಊರಿನಲ್ಲಿ ಅಂಥ ಉಪನಿಯಮ ಇದೆಯೇ ಎಂದು ಅವರೇ ವಿಚಾರಿಸಬೇಕು. ಇಂಗ್ಲೆಂಡಿನ 2004ರ ಸಂಚಾರ ನಿರ್ವಹಣಾ ಕಾಯ್ದೆ ಇನ್ನೂ ಉದಾರವಾಗಿದೆ. ವಾಹನ ಹತ್ತಿಳಿಯಲು ಕಾಲುದಾರಿಯ ಅಂಚನ್ನು ತಗ್ಗಿಸಿದ ಜಾಗದಲ್ಲಿ, ಆ ಮನೆಯ ನಿವಾಸಿಯ ಒಪ್ಪಿಗೆಯಿದ್ದರೆ, ನಿಲ್ಲಿಸಿದ ಕಾರಿಗೆ ಅದರ ನಿಷೇಧ ತಟ್ಟುವುದಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಮನೆಗಳು ಹಂಚಿಕೊಂಡ ದಾರಿಗೆ ಈ ವಿನಾಯಿತಿ ಇಲ್ಲ. ನಿಮ್ಮ ಗೇಟನ್ನು ಲಂಡನ್ನಿಗೆ ಸಾಗಿಸಿದರೂ ಬಾಡಿಗೆಯವರ ಬೈಕುಗಳು ಬೆನ್ನು ಬಿಡುವುದಿಲ್ಲವೆಂದು ತೋರುತ್ತದೆ.

ಎದುರು ಮನೆಯವರಿಗೆ ಸಿಟ್ಟು ಬರಲು ಬೇರೆಯದೇ ಕಾರಣವಿರಬಹುದು. ಮೂವತ್ತು ಅಡಿ ರಸ್ತೆ ಎಂದು ನಕ್ಷೆಯಲ್ಲಿರುವ ಕಡೆ ಎರಡೂ ಬದಿಯ ಚರಂಡಿ ಮತ್ತು ಇಳಿಜಾರುಗಳನ್ನು ಕಳೆದರೆ ಡಾಂಬರು ಇಪ್ಪತ್ತು ಅಡಿ ಉಳಿದೀತು. ಒಂದು ಕಾರಿನ ಅಗಲ ಹೆಚ್ಚುಕಡಿಮೆ ಆರು ಅಡಿ. ಎದುರುಬದುರಾಗಿ ಎರಡು ಕಾರುಗಳು ನಿಂತರೆ ನಡುವೆ ಉಳಿಯುವುದು ಎಂಟು ಅಡಿ. ಕಸದ ಗಾಡಿ ಹೇಗೋ ನುಸುಳುತ್ತದೆ, ಎಂಟು ಅಡಿ ಅಗಲದ ಅಗ್ನಿಶಾಮಕ ವಾಹನ ನುಸುಳಲಾರದು. ನಿಂತ ವಾಹನಕ್ಕೆ ಎದುರಾಗಿ ಇನ್ನೊಂದನ್ನು ನಿಲ್ಲಿಸಬಾರದೆಂದು 1989ರ ನಿಯಮಗಳಲ್ಲಿ ಪ್ರತ್ಯೇಕವಾಗಿ ಹೇಳಿದ್ದು ಸುಮ್ಮನೆ ಅಲ್ಲ. ಅಲ್ಲದೆ ಎದುರು ಗೇಟಿನಿಂದ ಕಾರನ್ನು ಹಿಮ್ಮುಖವಾಗಿ ತೆಗೆಯುವವರು ತಿರುಗಿಸಿಕೊಳ್ಳಲು ನಿಮ್ಮ ಕಡೆಯ ಅಂಚನ್ನೇ ನೆಚ್ಚಿಕೊಂಡಿರುತ್ತಾರೆ. ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಸಾರ್ವಜನಿಕ ಸ್ಥಳವನ್ನು ಬಳಸುವ ಇತರರಿಗೆ ಅಡ್ಡಿಯಾಗುವಂತೆ ವಾಹನ ಬಿಡುವುದನ್ನು ತಡೆಯುತ್ತದೆ. ಆ 'ಇತರರಲ್ಲಿ' ಎದುರು ಮನೆಯವರೂ ಸೇರುತ್ತಾರೆ. ನಿಮ್ಮ ಅಡ್ಡರಸ್ತೆ ಮುಂದೆ ಹೋಗಿ ಮುಚ್ಚಿಕೊಂಡಿದ್ದರೂ ಅದು ಸಾರ್ವಜನಿಕ ಸ್ಥಳವೇ, ಏಕೆಂದರೆ ಜನರಿಗೆ ಪ್ರವೇಶದ ಹಕ್ಕಿದ್ದರೆ ಸಾಕು, ದಾರಿ ಆಚೆಗೆ ಹಾದುಹೋಗಲೇಬೇಕೆಂದು ಕಾಯ್ದೆ ಕೇಳುವುದಿಲ್ಲ.

ಫಲಕ ಮತ್ತು ಹೂಕುಂಡಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಚಾರ ಫಲಕ ನೆಡುವ ಅಧಿಕಾರ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ಸೇರಿದ್ದು. ನಿಮ್ಮ ಗೇಟಿನ ಮೇಲಿನ ಬರಹ ಒಂದು ವಿನಂತಿ ಮಾತ್ರ. ವಿನಂತಿಯಾಗಿ ಅದು ಅಲ್ಲಿಯೇ ಇರಲಿ. ನಮ್ಮ ಮನೆಯ ಗೇಟಿನಲ್ಲಿಯೂ ಒಂದಿದೆ, ಅದನ್ನು ಓದಿದ ಮೇಲೂ ಅಲ್ಲಿಯೇ ಸ್ಕೂಟರ್ ನಿಲ್ಲಿಸಿ ಹೋದವರನ್ನು ಕಂಡಿದ್ದೇನೆ. ರಸ್ತೆಯ ಮೇಲಿನ ಕುಂಡಗಳನ್ನು ಮಾತ್ರ ಇಂದೇ ಒಳಗೆ ತೆಗೆದಿಡಿ. ಅವು ಒತ್ತುವರಿ, ಪಾಲಿಕೆಯವರು ಎತ್ತಿಕೊಂಡು ಹೋದರೆ ಕೇಳುವಂತಿಲ್ಲ, ರಾತ್ರಿ ಬೈಕಿನವರು ಯಾರಾದರೂ ಎಡವಿ ಬಿದ್ದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಬೇರೆಯವರ ವಾಹನ ನಿಮ್ಮ ಗೇಟಿಗೆ ಅಡ್ಡ ನಿಂತು ನೀವು ಹೊರಗೆ ಬರಲಾಗದಿದ್ದರೆ, ನಂಬರ್ ಪ್ಲೇಟು ಮತ್ತು ಗೇಟು ಎರಡೂ ಕಾಣುವಂತೆ ಚಿತ್ರ ತೆಗೆದು ಸಂಚಾರ ಠಾಣೆಗೆ ಅಥವಾ 112ಕ್ಕೆ ತಿಳಿಸಿ. ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಆದೇಶಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಂತೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಇದೆ, ಎಳೆದೊಯ್ದ ಖರ್ಚು ವಾಹನದ ಮಾಲೀಕನದು. 2019ರ ತಿದ್ದುಪಡಿಯ ಬಳಿಕ ಚಾಲನಾ ನಿಯಮಗಳನ್ನು ಮುರಿದವರಿಗೆ ಕಾಯ್ದೆಯಲ್ಲಿ 500ರಿಂದ 1,000 ರೂಪಾಯಿ ದಂಡವಿದೆ. ಸಾರ್ವಜನಿಕ ದಾರಿಗೆ ಅಡ್ಡಿಪಡಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿಯವರೆಗೂ ಹೋಗಬಹುದು. ಚಕ್ರದ ಗಾಳಿ ಬಿಡುವುದು, ಕನ್ನಡಿ ಮುರಿಯುವುದು ಬೇಡ. ಆಗ ಆರೋಪಿ ನೀವಾಗುತ್ತೀರಿ.

ಚೌಕಿಪೇಟೆಯಂಥ ಹಳೇ ಪೇಟೆಯಲ್ಲಿ ಬಾಗಿಲು ನೇರವಾಗಿ ಬೀದಿಗೇ ತೆರೆಯುತ್ತದೆ; ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಹೊಸ್ತಿಲಿಗೇ ಬೈಕುಗಳು ಬಂದು ನಿಲ್ಲುತ್ತವೆ. ಅಲ್ಲಿನವರಿಗೆ ಕಾರು ಒಳಗಿಡಿ ಎಂದು ಹೇಳುವುದಕ್ಕೆ ಒಳಗೆ ಜಾಗವೇ ಇಲ್ಲ. ನಿಮಗಿದೆ, ಅದಕ್ಕೇ ಈ ಮಾತು. ಮನೆ ಕಟ್ಟುವಾಗ ನಕ್ಷೆಯಲ್ಲಿ ವಾಹನಕ್ಕೆಂದು ತೋರಿಸಿ ಅನುಮತಿ ಪಡೆದ ಜಾಗ ವಾಹನಕ್ಕೇ ಉಳಿಯಬೇಕು. ಬೈಕುಗಳನ್ನು ಗೋಡೆಗೆ ಒತ್ತಿ, ಸೈಕಲ್ಲುಗಳನ್ನು ಮಹಡಿಯ ಮೆಟ್ಟಿಲಿನಡಿಗೆ ಸೇರಿಸಿದರೆ ಕಾರು ಹಿಡಿಸುತ್ತದೆಯೇ ಎಂದು ಒಂದು ಭಾನುವಾರ ಅಳೆದು ನೋಡಿ. ಹಿಡಿಸದಿದ್ದರೆ, ಪಾರ್ಕಿಂಗ್ ನಿಷೇಧವಿಲ್ಲದ ರಸ್ತೆಯಾದ್ದರಿಂದ, ಗೇಟನ್ನು ಪೂರ್ತಿ ಬಿಟ್ಟು ಕಾಂಪೌಂಡ್ ಗೋಡೆಯ ಉದ್ದಕ್ಕೆ, ಎದುರಿಗೆ ಬೇರೆ ಕಾರು ಇಲ್ಲದ ಕಡೆ, ಅಂಚಿಗೆ ಒತ್ತಿ ನಿಲ್ಲಿಸಬಹುದು. ಆದರೆ ಅದು ಮೊದಲು ಬಂದವರ ಜಾಗ. ನೀವು ಸಂಜೆ ಬರುವಷ್ಟರಲ್ಲಿ ಎದುರು ಮನೆಯವರ ಕಾರೇ ಅಲ್ಲಿ ನಿಂತಿದ್ದರೆ, ನೀವು ತಕರಾರು ತೆಗೆಯುವಂತಿಲ್ಲ.

- ಸಂಪಾದಕ