ತರಗತಿಯ ಅಂಗಳ: ಆರರಿಂದ ಎಂಟರವರೆಗಿನ ಮಕ್ಕಳ ಈ ವರ್ಷದ ಯೋಜನೆಗಳು

ಶಾಲೆಗಳು ಮತ್ತೆ ತೆರೆದ ಬೆನ್ನಲ್ಲೇ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿರಿಯ ಪ್ರಾಥಮಿಕ ತರಗತಿಗಳ ಚಟುವಟಿಕೆ ಮತ್ತು ಯೋಜನಾಕಾರ್ಯಗಳನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರು, ಏಳು, ಎಂಟನೇ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತ ಎರಡನ್ನೂ ನಾನೇ ಬೋಧಿಸುತ್ತೇನೆ. ವರ್ಷದ ನಡುನಡುವೆ ನಡೆಯುವ ಪ್ರತಿಯೊಂದು ರೂಪಣಾತ್ಮಕ ಮೌಲ್ಯಮಾಪನಕ್ಕೂ ಹೊಸ ಚಟುವಟಿಕೆ ಹುಡುಕಿ ಸಾಕಾಗಿದೆ. ಹಣ ಖರ್ಚಿಲ್ಲದೆ ವರ್ಷವಿಡೀ ನಡೆಸಬಹುದಾದ ಒಂದು ಯೋಜನೆಯನ್ನು ಸೂಚಿಸುವಿರಾ?
— ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಮಳೆಯನ್ನು ಅಳೆಯಿರಿ. ರಾಜ್ಯದ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ನಿಮ್ಮ ಊರಿನಲ್ಲಿ ಈ ಸಲಹೆ ವಿಚಿತ್ರವೆನಿಸಬಹುದು. ಆದರೆ ಪ್ರತಿ ಹನಿಗೂ ಲೆಕ್ಕವಿರುವ ಕಡೆಯಲ್ಲಿಯೇ ಈ ಕೆಲಸಕ್ಕೆ ಹೆಚ್ಚಿನ ಅರ್ಥವಿದೆ.

ಬದಿಗಳು ನೇರವಾಗಿರುವ ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿಯೊಂದರ ಮೇಲ್ಭಾಗವನ್ನು ಕತ್ತರಿಸಿ, ಕತ್ತರಿಸಿದ ಭಾಗವನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿದರೆ ಮಳೆಮಾಪಕ ಸಿದ್ಧವಾಗುತ್ತದೆ. ಬಾಟಲಿಯ ತಳ ಸಮವಾಗಿರುವುದಿಲ್ಲವಾದ್ದರಿಂದ ಕೆಳಗೆ ಸಣ್ಣ ಕಲ್ಲುಗಳನ್ನು ತುಂಬಿ, ಅವು ಮುಳುಗುವಷ್ಟು ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ಬಿಸಿಲಿಗೆ ಆ ನೀರು ಇಂಗುತ್ತದೆಯಾದ್ದರಿಂದ ಮಳೆಯಿಲ್ಲದ ದಿನಗಳಲ್ಲಿಯೂ ಸೊನ್ನೆಯ ಮಟ್ಟವನ್ನು ಸರಿಪಡಿಸುತ್ತಿರಬೇಕು. ಮಾಪಕವನ್ನು ಗೋಡೆ ಮತ್ತು ಮರಗಳಿಂದ, ಅವುಗಳ ಎತ್ತರದ ಎರಡು ಪಟ್ಟಿನಷ್ಟಾದರೂ ದೂರದಲ್ಲಿ, ಗಾಳಿಗೆ ಉರುಳದಂತೆ ನಿಲ್ಲಿಸಿ. ಭಾರತೀಯ ಹವಾಮಾನ ಇಲಾಖೆಯು ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ದಾಖಲಿಸುತ್ತದೆ. ನಿಮ್ಮ ಮಕ್ಕಳೂ ಅದೇ ಸಮಯವನ್ನು ಪಾಲಿಸಿದರೆ ಪತ್ರಿಕೆಗಳಲ್ಲಿ ಬರುವ ಅಂಕಿಗಳೊಡನೆ ತಮ್ಮ ಅಂಕಿಗಳನ್ನು ಹೋಲಿಸಬಹುದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಎಂದು ಮಕ್ಕಳೇ ಹೋಗಿ ವಿಚಾರಿಸಲಿ.

ಇಷ್ಟು ವಿಜ್ಞಾನವಾಯಿತು, ಗಣಿತ ಇಲ್ಲಿಂದ ಆರಂಭವಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಇದನ್ನು ಹೇಳಿಕೊಡಬೇಡಿ, ಎಂಟನೇ ತರಗತಿಯವರು ಘನಫಲದ ಲೆಕ್ಕದಿಂದ ತಾವೇ ಕಂಡುಕೊಳ್ಳಲಿ. 12 ಮೀಟರ್ ಉದ್ದ, 6 ಮೀಟರ್ ಅಗಲದ ಕೊಠಡಿಯ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ 1,800 ಲೀಟರ್ ನೀರು ಬಿದ್ದಂತಾಗುತ್ತದೆ. ಬಿಸಿಯೂಟದ ಅಡುಗೆಗೆ, ತಟ್ಟೆ ತೊಳೆಯಲು, ಶೌಚಾಲಯಕ್ಕೆ ದಿನಕ್ಕೆ ಎಷ್ಟು ಕೊಡ ನೀರು ಬೇಕೆಂದು ಆರನೇ ತರಗತಿಯವರು ಎಣಿಸಿದರೆ, ಆ ಒಂದು ಮಳೆ ಶಾಲೆಯನ್ನು ಎಷ್ಟು ದಿನ ನಡೆಸಬಲ್ಲದು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಸರಾಸರಿ, ಸ್ತಂಭಾಲೇಖ, ಶೇಕಡಾವಾರು ಎಲ್ಲವಕ್ಕೂ ಪಠ್ಯಪುಸ್ತಕದ ಕಾಲ್ಪನಿಕ ಅಂಕಿಗಳ ಬದಲು ನಿಮ್ಮ ಅಂಗಳದ ಅಂಕಿಗಳು ಸಿಗುತ್ತವೆ.

ಇನ್ನೊಂದು ಸಲಹೆಯನ್ನು ವಿಶೇಷವಾಗಿ ಒತ್ತಿ ಹೇಳಬೇಕೆನಿಸುತ್ತದೆ. ದಿನದ ಅಂಕಿಗಳನ್ನು ತಿಂಗಳ ಲೆಕ್ಕದಲ್ಲಿ ಮಾತ್ರವಲ್ಲದೆ ಮಳೆ ನಕ್ಷತ್ರಗಳ ಲೆಕ್ಕದಲ್ಲಿಯೂ ಕೂಡಿಸಿ. ಸೂರ್ಯನು ಪ್ರತಿಯೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ. ಮೃಗಶಿರಾ, ಆರಿದ್ರಾದಿಂದ ಚಿತ್ತಾ, ಸ್ವಾತಿಯವರೆಗಿನ ದಿನಾಂಕಗಳು ಗೋಡೆಯ ಕ್ಯಾಲೆಂಡರಿನಲ್ಲಿಯೇ ಇರುತ್ತವೆ. ‘ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ’ ಎಂದು ಅಜ್ಜ ಹೇಳಿದ್ದು ಈ ವರ್ಷ ನಮ್ಮೂರಿನಲ್ಲಿ ನಿಜವಾಯಿತೇ ಎಂದು ಏಳನೇ ತರಗತಿಯ ಹುಡುಗಿ ಅಂಕಿಯನ್ನು ಮುಂದಿಟ್ಟು ಕೇಳಿದಾಗ, ಮನೆಯ ಹಿರಿಯರಿಗೂ ಆ ಯೋಜನೆಯಲ್ಲಿ ಪಾಲು ದೊರೆಯುತ್ತದೆ. ಗಾದೆಗಳನ್ನು ಸಂಗ್ರಹಿಸಿ ಬರೆಯುವುದು ಕನ್ನಡದ ಚಟುವಟಿಕೆಯಾಗುತ್ತದೆ. ನಿಮ್ಮ ಭಾಗದಲ್ಲಿ ಜೂನ್‌ಗಿಂತ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಆದ್ದರಿಂದ ಮೊದಲ ವಾರಗಳಲ್ಲಿ ಸೊನ್ನೆಗಳ ಸಾಲು ಬಂದರೆ ಮಕ್ಕಳು ಬೇಸರಪಡದಂತೆ ನೋಡಿಕೊಳ್ಳಿ. ಸೊನ್ನೆಯನ್ನೂ ಬರೆಯಲೇಬೇಕು. ದಸರಾ ರಜೆಯಲ್ಲಿ ಅಳತೆ ನಿಲ್ಲದಂತೆ ಶಾಲೆಯ ಬಳಿ ಮನೆಯಿರುವ ಮಕ್ಕಳಿಗೆ ಸರದಿ ಹಂಚಿ.

ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಗೂ ಇದೊಂದರಿಂದಲೇ ಸಾಮಗ್ರಿ ದೊರೆಯುತ್ತದೆ: ಮೊದಲನೆಯದಕ್ಕೆ ಉಪಕರಣದ ತಯಾರಿ, ಎರಡನೆಯದಕ್ಕೆ ದಾಖಲೆ ಪುಸ್ತಕ, ಮೂರನೆಯದಕ್ಕೆ ನಕ್ಷೆ ಮತ್ತು ಲೆಕ್ಕ, ಕೊನೆಯದಕ್ಕೆ ವರದಿ. ಚಟುವಟಿಕೆ ಪ್ರತಿ ಬಾರಿಯೂ ಹೊಸದಾಗಿರಬೇಕೆಂಬ ನಿರ್ಬಂಧವನ್ನು ನಾವೇ ಹಾಕಿಕೊಂಡಿದ್ದೇವೆ.

ಪ್ರಶ್ನೆ: ಮಗ ಆರನೇ ತರಗತಿಯಲ್ಲಿದ್ದಾನೆ. ಶಾಲೆಯಿಂದ ರಾತ್ರಿ ಎಂಟು ಗಂಟೆಗೆ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ, ಬೆಳಿಗ್ಗೆಗೆ ಮಾದರಿ ಸಿದ್ಧವಿರಬೇಕು. ಥರ್ಮಾಕೋಲ್ ತಂದು ನಾನೇ ಮಾಡಿ ಕಳುಹಿಸುತ್ತೇನೆ. ಇದಕ್ಕೆ ಪರಿಹಾರವೇನು?
— ಪೋಷಕರು, ಬೆಂಗಳೂರು

ಉತ್ತರ: ಮುಂದಿನ ಬಾರಿ ಮಾಡಬೇಡಿ. ಮಗ ತನ್ನಿಂದಾದಷ್ಟು ಮಾಡಿಕೊಂಡು ಹೋಗಲಿ. ವಕ್ರವಾದ ಮಾದರಿಗೆ ಅಂಕ ಕಡಿಮೆಯಾದರೆ, ಅಂಕ ಯಾವುದಕ್ಕೆ ಕೊಡಲಾಯಿತು ಎಂದು ಪೋಷಕರ ಸಭೆಯಲ್ಲಿ ವಿನಯದಿಂದ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವು ಚಟುವಟಿಕೆ, ಅನ್ವೇಷಣೆ ಮತ್ತು ಪರಿಶೋಧನೆಯ ಮೂಲಕ ಮಗು ಕಲಿಯಬೇಕೆಂದು ಹೇಳುತ್ತದೆ. ತಂದೆತಾಯಿ ಕಲಿಯಬೇಕೆಂದು ಅಲ್ಲಿ ಎಲ್ಲಿಯೂ ಇಲ್ಲ. ಸಾಮಾನು ಹೊಂದಿಸಿಕೊಡುವುದು, ಬ್ಲೇಡು ಹಿಡಿದಾಗ ಪಕ್ಕದಲ್ಲಿರುವುದು, ಮಗ ಮಾಡಿದ್ದನ್ನು ಅವನ ಬಾಯಿಂದ ಕೇಳುವುದು ಇವಷ್ಟೇ ನಿಮ್ಮ ಪಾಲಿನ ಕೆಲಸ.

ಶಿಕ್ಷಕರಿಗೂ ಒಂದು ಮಾತು. ಪ್ರದರ್ಶನಗಳಲ್ಲಿ ತಪ್ಪದೆ ಕಾಣುವ ಅಡುಗೆ ಸೋಡಾ ಮತ್ತು ವಿನಿಗರಿನ ಜ್ವಾಲಾಮುಖಿಯಿಂದ ಆಮ್ಲ–ಪ್ರತ್ಯಾಮ್ಲಗಳ ಪಾಠ ಕಲಿಯಬಹುದೇ ಹೊರತು ಜ್ವಾಲಾಮುಖಿಯ ಪಾಠವನ್ನಲ್ಲ, ಏಕೆಂದರೆ ನಿಜವಾದ ಜ್ವಾಲಾಮುಖಿಯೊಳಗೆ ಅಂಥ ಕ್ರಿಯೆ ನಡೆಯುವುದಿಲ್ಲ. ಹಾಗೆ ನೋಡಿದರೆ ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಲೇ ಆದದ್ದು. ಅಲ್ಲಿನ ಒಂದು ಕಲ್ಲನ್ನೂ ಬೆಂಗಳೂರಿನ ಸುತ್ತ ಸಿಗುವ ಒಂದು ಗ್ರಾನೈಟ್ ಚೂರನ್ನೂ ಭೂತಗನ್ನಡಿಯ ಕೆಳಗಿಟ್ಟು, ಕಂಡ ವ್ಯತ್ಯಾಸವನ್ನು ಬರೆಯಿಸಿದರೆ ಥರ್ಮಾಕೋಲಿನ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ಆಗಸ್ಟ್‌ನಲ್ಲಿ ನೆರಳಿಲ್ಲದ ದಿನ ಬರುತ್ತದೆ ಎಂದು ನಮ್ಮ ಗುರುಗಳು ಹೇಳಿದ್ದಾರೆ. ಬೆಂಗಳೂರಿನಲ್ಲಿ ಆಗುವ ದಿನವೇ ನಮ್ಮಲ್ಲಿಯೂ ಆಗುತ್ತದೆಯೇ? ತರಗತಿಯ ಯೋಜನೆಯಾಗಿ ಏನು ಮಾಡಬಹುದು?
— ಎಂಟನೇ ತರಗತಿಯ ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಲ್ಲ, ನಿಮ್ಮಲ್ಲಿ ಸುಮಾರು ಎರಡು ವಾರ ಮೊದಲೇ ಆಗುತ್ತದೆ. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುವ ದಿನ ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವ ನಮ್ಮ ರಾಜ್ಯದ ಎಲ್ಲ ಊರುಗಳಲ್ಲಿ ಇದು ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ: ಸೂರ್ಯ ಉತ್ತರಕ್ಕೆ ಸಾಗುವಾಗ ಏಪ್ರಿಲ್–ಮೇ ತಿಂಗಳಲ್ಲಿ, ಮರಳುವಾಗ ಆಗಸ್ಟ್‌ನಲ್ಲಿ. ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುವುದರಿಂದ ಶಾಲೆಗೆ ಸಿಗುವುದು ಎರಡನೆಯದೇ. ಬೀದರ್‌ನಲ್ಲಿ ಆಗಸ್ಟ್ ತಿಂಗಳ ಮೊದಲೆರಡು ದಿನಗಳಲ್ಲಿ, ಕಲಬುರಗಿಯಲ್ಲಿ 3–4ರ ಆಸುಪಾಸಿನಲ್ಲಿ, ಹುಬ್ಬಳ್ಳಿಯಲ್ಲಿ 10–11ರ ಹೊತ್ತಿಗೆ, ಬೆಂಗಳೂರಿನಲ್ಲಿ 18ರಂದು, ಚಾಮರಾಜನಗರದಲ್ಲಿ 21ರ ಸುಮಾರಿಗೆ ಅದು ಸಂಭವಿಸುತ್ತದೆ. ಮಂಗಳೂರು ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ಅವೆರಡರ ದಿನವೂ ಬಹುತೇಕ ಒಂದೇ.

ಸಮಯ ಹನ್ನೆರಡು ಗಂಟೆಯಲ್ಲ ಎಂಬುದನ್ನು ಗಮನಿಸಿ. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. ನಿಮ್ಮ ಊರು ಅದರ ಪಶ್ಚಿಮಕ್ಕಿರುವುದರಿಂದ ಆ ದಿನಗಳಲ್ಲಿ ನಿಮ್ಮ ನಿಜವಾದ ಮಧ್ಯಾಹ್ನ ಸುಮಾರು 12.29ಕ್ಕೆ ಆಗುತ್ತದೆ. ಒಂದು ಮೀಟರ್ ಎತ್ತರದ ನೇರ ಕೋಲನ್ನು ತೂಗುಗುಂಡಿನ ಸಹಾಯದಿಂದ ಲಂಬವಾಗಿ ನೆಟ್ಟು, 12.15ರಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸಿ. ಮಳೆಗಾಲದ ಮೋಡ ಅಡ್ಡ ಬರುವ ಸಂಭವ ಬಹಳವಿದೆ, ಆದರೆ ಆತಂಕ ಬೇಡ: ಒಂದು ದಿನ ಹಿಂದೆ ಮುಂದೆ ಆದರೂ ನೆರಳಿನ ವ್ಯತ್ಯಾಸ ಅರ್ಧ ಸೆಂಟಿಮೀಟರಿನಷ್ಟೇ.

ಒಂದು ದಿನಕ್ಕೆ ನಿಲ್ಲಿಸದೆ ವಾರಕ್ಕೊಮ್ಮೆ ಈ ಅಳತೆಯನ್ನು ಮುಂದುವರಿಸಿದರೆ ಇದು ನಿಜವಾದ ಯೋಜನೆಯಾಗುತ್ತದೆ. ಈಗ, ಜೂನ್ ತಿಂಗಳಿನಲ್ಲಿ, ನಿಮ್ಮ ಊರಿನ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತಿದೆ. ಹೋಗಿ ನೋಡಿ, ಕೋಲಿನ ನೆರಳು ಹತ್ತು ಹನ್ನೊಂದು ಸೆಂಟಿಮೀಟರ್ ಇದ್ದೀತು. ಆಗಸ್ಟ್‌ನಲ್ಲಿ ಅದು ಮಾಯವಾಗಿ, ಬಳಿಕ ಉತ್ತರಕ್ಕೆ ತಿರುಗಿ, ಡಿಸೆಂಬರ್ 22ರ ಹೊತ್ತಿಗೆ ಸುಮಾರು 86 ಸೆಂಟಿಮೀಟರಿಗೆ ಬೆಳೆಯುತ್ತದೆ. ಶ್ರೀನಿವಾಸ ರಾಮಾನುಜನ್ ಅವರು 1887ರಲ್ಲಿ ಜನಿಸಿದ ಆ ದಿನವನ್ನು ಶಾಲೆಗಳು ಗಣಿತ ದಿನವಾಗಿ ಆಚರಿಸುತ್ತವೆ. ಭಾಷಣಗಳ ನಡುವೆ ನಿಮ್ಮ ತರಗತಿ ತನ್ನ ನೆರಳಿನ ನಕ್ಷೆಯನ್ನು ಗೋಡೆಗೆ ತೂಗುಹಾಕಬಹುದು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡಿ, ನೆಲವನ್ನು ನೋಡಿದರೆ ಸಾಕು.

ಪ್ರಶ್ನೆ: ಯೋಜನಾಕಾರ್ಯ ಕೊಟ್ಟರೆ ಮಕ್ಕಳು ಅಂತರ್ಜಾಲದಿಂದ ಇಳಿಸಿದ, ಇಲ್ಲವೇ ಚಾಟ್‌ಜಿಪಿಟಿ ಬರೆದುಕೊಟ್ಟ ಪುಟಗಳನ್ನು ನಕಲು ಮಾಡಿ ತರುತ್ತಾರೆ. ತಡೆಯುವುದು ಹೇಗೆ?
— ಸಮಾಜ ವಿಜ್ಞಾನ ಶಿಕ್ಷಕರು, ದಾವಣಗೆರೆ

ಉತ್ತರ: ‘ಕರ್ನಾಟಕದ ನದಿಗಳು’ ಎಂಬ ವಿಷಯ ಕೊಟ್ಟರೆ ನಕಲು ಬಂದೇ ಬರುತ್ತದೆ, ಅದರಲ್ಲಿ ಮಗುವಿನ ತಪ್ಪು ಕಡಿಮೆ. ‘ನಿಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ವಾರಕ್ಕೆ ಎಷ್ಟು ಗಂಟೆ ಬರುತ್ತದೆ, ಮೂವತ್ತು ವರ್ಷದ ಹಿಂದೆ ನಿಮ್ಮ ಬೀದಿಯವರು ನೀರನ್ನು ಎಲ್ಲಿಂದ ತರುತ್ತಿದ್ದರು’ ಎಂದು ಕೇಳಿದರೆ ಯಾವ ಯಂತ್ರಕ್ಕೂ ಉತ್ತರ ತಿಳಿದಿರುವುದಿಲ್ಲ. ಕಟ್ಟಿ ಹೇಳಿದರೂ ಎರಡು ಪ್ರಶ್ನೆಗೆ ಸುಳ್ಳು ಬಯಲಾಗುತ್ತದೆ. ವರದಿಗಿಂತ ಕರಡು ಟಿಪ್ಪಣಿಗೆ, ಟಿಪ್ಪಣಿಗಿಂತ ಬಾಯಿ ಮಾತಿನ ವಿವರಣೆಗೆ ಹೆಚ್ಚು ಅಂಕ ಇಡಿ. ಅಂತರ್ಜಾಲವನ್ನು ನಿಷೇಧಿಸುವುದರಿಂದ ಪ್ರಯೋಜನವಿಲ್ಲ. ಮಗು ತಾನು ಸಂಗ್ರಹಿಸಿದ್ದನ್ನು ಅಲ್ಲಿ ದೊರೆತದ್ದರೊಡನೆ ಹೋಲಿಸಿ, ಎರಡೂ ಎಲ್ಲಿ ಹೊಂದುವುದಿಲ್ಲ ಎಂದು ಬರೆಯಲಿ.

ಪ್ರಶ್ನೆ: ಗುಂಪು ಯೋಜನೆಯಲ್ಲಿ ನನ್ನ ಮಗಳೊಬ್ಬಳೇ ದುಡಿಯುತ್ತಾಳೆ, ಅಂಕ ಮಾತ್ರ ಐವರಿಗೂ ಸಮನಾಗಿ ಸಿಗುತ್ತದೆ. ಇದು ನ್ಯಾಯವೇ?
— ತಾಯಿ, ಶಿರಸಿ

ಉತ್ತರ: ನ್ಯಾಯವಲ್ಲ. ಐದು ಜನರಿಗೆ ಸಾಲುವಷ್ಟು ಕೆಲಸವಿಲ್ಲದ ಯೋಜನೆಯನ್ನು ಐವರಿಗೆ ಕೊಟ್ಟಾಗ ಹೀಗಾಗುತ್ತದೆ. ಗುಂಪು ಮೂರಕ್ಕೆ ಮೀರದಿರಲಿ, ಅಳೆಯುವವರು, ಬರೆಯುವವರು, ವಿವರಿಸುವವರು ವಾರಕ್ಕೊಮ್ಮೆ ಬದಲಾಗಲಿ ಎಂದು ಶಿಕ್ಷಕರಲ್ಲಿ ಕೋರಬಹುದು. ಆದರೆ ನಿಮ್ಮ ಮಗಳು ಬೇರೆಯವರ ಕೈಗೆ ಕೆಲಸ ಬಿಟ್ಟುಕೊಡುತ್ತಿದ್ದಾಳೆಯೇ ಎಂಬುದನ್ನೂ ಒಮ್ಮೆ ನೋಡಿ. ಅಕ್ಷರ ದುಂಡಗಿರುವ ಮಕ್ಕಳು ಪೆನ್ನನ್ನು ಸುಲಭವಾಗಿ ಕೊಡುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಚಟುವಟಿಕೆ ಮಾಡಿದರೆ ಪಾಠ ಮುಗಿಯುವುದು ಯಾವಾಗ? ಮಗನಿಗೆ ಈ ವರ್ಷ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಯೂ ಇದೆ.
— ತಂದೆ, ಹಾಸನ ಜಿಲ್ಲೆ

ಉತ್ತರ: ಆರರಿಂದ ಎಂಟನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳು, 1,000 ಬೋಧನಾ ಗಂಟೆಗಳು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಅದರಲ್ಲಿ ದಿನಕ್ಕೆ ಹತ್ತು ನಿಮಿಷದ ಅಳತೆ ಪಾಠವನ್ನು ಕದಿಯುವುದಿಲ್ಲ. ವೇಳೆಯನ್ನು ನುಂಗುವುದು ಪ್ರದರ್ಶನದ ಹಿಂದಿನ ವಾರದ ಅಲಂಕಾರ. ನಿಮ್ಮ ಆಕ್ಷೇಪ ಅದರ ಮೇಲಿದ್ದರೆ ನಾನು ನಿಮ್ಮ ಪರ. ಎನ್‌ಎಂಎಂಎಸ್ ಪರೀಕ್ಷೆ ಎಂಟನೇ ತರಗತಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮೀಸಲಾದದ್ದು, ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಅದಕ್ಕೆ ಅಗತ್ಯವಾಗಿ ಓದಿಸಿ. ಅದರ ಮಾನಸಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ಬರುವ ಸಂಖ್ಯಾ ಶ್ರೇಣಿ, ವಿನ್ಯಾಸಗಳ ಪ್ರಶ್ನೆಗಳಿಗೆ, ಕೋಷ್ಟಕವೊಂದನ್ನು ಸ್ವತಃ ತುಂಬಿದ ಹುಡುಗ ಹೆದರುವುದು ಕಡಿಮೆ.

ಪ್ರಶ್ನೆ: ಇನ್‌ಸ್ಪೈರ್ ಅವಾರ್ಡ್ ಯೋಜನೆಗೆ (ಶಾಲಾ ಮಕ್ಕಳ ಹೊಸ ಕಲ್ಪನೆಗಳಿಗೆ ಕೇಂದ್ರ ಸರ್ಕಾರ ನೀಡುವ ಪ್ರಶಸ್ತಿ) ನಮ್ಮ ಶಾಲೆಯಿಂದ ಐದು ಮಕ್ಕಳ ಕಲ್ಪನೆಗಳನ್ನು ಕಳುಹಿಸಬೇಕು. ಹಾಗೆಯೇ ನವೆಂಬರ್ ಹೊತ್ತಿಗೆ ಮಕ್ಕಳ ಗ್ರಾಮಸಭೆಯ ತಯಾರಿಯೂ ಇದೆ. ಎರಡಕ್ಕೂ ವಿಷಯ ಎಲ್ಲಿಂದ ತರುವುದು?
— ಮುಖ್ಯ ಶಿಕ್ಷಕರು, ತುಮಕೂರು ಜಿಲ್ಲೆ

ಉತ್ತರ: ಎರಡಕ್ಕೂ ವಿಷಯ ಒಂದೇ ಕಡೆ ಇದೆ. ಜುಲೈ ತಿಂಗಳಲ್ಲಿ ಒಂದು ಶನಿವಾರ ಮಕ್ಕಳು ಚಿಕ್ಕ ಗುಂಪುಗಳಲ್ಲಿ ಊರನ್ನು ಸುತ್ತಿ, ತೊಂದರೆಗಳನ್ನು ಮಾತ್ರ ಪಟ್ಟಿ ಮಾಡಲಿ: ಬಸ್ಸು ನಿಲ್ಲದ ತಿರುವು, ಬಾಗಿಲಿಗೆ ಚಿಲಕವಿಲ್ಲದ ಶೌಚಾಲಯ, ಅಜ್ಜಿಗೆ ಎತ್ತಲಾಗದ ಬಿಂದಿಗೆ, ರಾಗಿ ಒಣಗಿಸುವಾಗ ನುಗ್ಗುವ ಕೋಳಿಗಳು. ಪಂಚಾಯಿತಿ ಪರಿಹರಿಸಬೇಕಾದವು ಗ್ರಾಮಸಭೆಯ ಅರ್ಜಿಗಳಾಗುತ್ತವೆ, ಕೈಯಿಂದ ಮಾಡಿ ಪರಿಹರಿಸಬಹುದಾದವು ಇನ್‌ಸ್ಪೈರ್ ಕಲ್ಪನೆಗಳಾಗುತ್ತವೆ. ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ 10,000 ರೂಪಾಯಿ ಬರುವುದರಿಂದ ಖಾತೆಯ ದಾಖಲೆಗಳನ್ನು ಈಗಲೇ ಸರಿಪಡಿಸಿಕೊಳ್ಳಿ. ನೋಂದಣಿಯ ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ. ಕಲ್ಪನೆಯ ಬರಹವನ್ನು ಮಗುವಿನ ಮಾತಿನಲ್ಲಿಯೇ ಇರಗೊಡಿ, ನೀವು ಕಾಗುಣಿತ ಮಾತ್ರ ತಿದ್ದಿ.

ಗ್ರಾಮಸಭೆಯ ಅರ್ಜಿಗಳಲ್ಲಿ ‘ಮೂಲಸೌಕರ್ಯ ಒದಗಿಸಬೇಕು’ ಎಂಬ ಒಕ್ಕಣೆ ಕೂಡದು. ಯಾವ ಬೀದಿ, ಯಾವ ನಲ್ಲಿ, ಎಷ್ಟು ದಿನದಿಂದ ಕೆಟ್ಟಿದೆ, ಎಷ್ಟು ಮನೆಗಳಿಗೆ ತೊಂದರೆ ಎಂದು ಮಕ್ಕಳು ಎಣಿಸಿ ಬರೆದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ಉತ್ತರಿಸಲು ಅನುಕೂಲ. ಸ್ವೀಕೃತಿಯ ಸಹಿ ಇರುವ ಪ್ರತಿಯನ್ನು ಶಾಲೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಏಳನೇ ತರಗತಿಗೆ ಬರುವವರು ಅದನ್ನು ಹಿಡಿದು, ಯಾವ ಅರ್ಜಿಗೆ ಕೆಲಸವಾಯಿತು ಎಂದು ಮತ್ತೆ ಊರು ಸುತ್ತಿ ಪರಿಶೀಲಿಸಬಹುದು.