ದನಿ ಬಂದ ಮೇಲೆ ಬೀಟ್ ಎಲ್ಲಿ ಹೋಯಿತು?

ಪ್ರಶ್ನೆ: ಫ್ರಾನ್ಸ್‌ನ ಎಲೆಕ್ಟ್ರಾನಿಕ್ ಸಂಗೀತ ಜೋಡಿ ಡಾಫ್ಟ್ ಪಂಕ್ ವಿಷಯಕ್ಕೆ ನಮ್ಮ ಗೆಳೆಯರಲ್ಲಿ ಎರಡು ಬಣ. 1997ರ ಮೊದಲ ಆಲ್ಬಮ್‌ನ ಗಡಸು ಬೀಟೇ ಅಸಲಿ, 2013ರದ್ದು ಹಾಡುಗಾರಿಕೆ ತುಂಬಿ ಮೆತ್ತಗಾಯಿತು ಎಂದು ಒಂದು ಬಣ. ಅದೇ ಅವರ ಶ್ರೇಷ್ಠ ಕೆಲಸ ಎಂದು ಇನ್ನೊಂದು. ಯಾರ ಮಾತು ಸರಿ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮೊದಲ ಬಣದವರು ಏನನ್ನೋ ಕಳೆದುಕೊಂಡದ್ದು ನಿಜ, ಆದರೆ ಕಳೆದದ್ದು ಗಡಸುತನವಲ್ಲ. ದನಿ 1997ರಲ್ಲೂ ಇತ್ತು. ಆ ಆಲ್ಬಮ್‌ನ ಒಂದು ಹಾಡಿನಲ್ಲಿ ಮೂರೇ ಪದ ಏಳು ನಿಮಿಷ ಸುತ್ತುತ್ತವೆ. ಅಲ್ಲಿ ದನಿಯೂ ಒಂದು ವಾದ್ಯ. ಕಿವಿ ಹೋಗುವುದು ಬಾಸ್ ಬಂದು ಹೋಗುವ ಕಡೆಗೆ, ಶಬ್ದದ ಒಂದು ಭಾಗವನ್ನು ತಡೆಹಿಡಿದ ಫಿಲ್ಟರ್ ನಿಧಾನವಾಗಿ ತೆರೆದುಕೊಳ್ಳುವ ಕಡೆಗೆ. 125 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 125 ಬೀಟ್ ವೇಗದಲ್ಲಿ, ನಾಲ್ಕು ಬೀಟ್‌ಗಳ 32 ಬಾರ್ ಎಂದರೆ ಒಂದು ನಿಮಿಷದ ಮೇಲೆ ಒಂದು ಸೆಕೆಂಡು. ಅಷ್ಟು ಹೊತ್ತು ಒಂದೇ ಬದಲಾವಣೆಗೆ ಕಾಯಿಸುವ ಧೈರ್ಯ ಆ ಸಂಗೀತದ ಜೀವಾಳ. ಗಾಯಕರು ಬಂದು ಪಲ್ಲವಿ, ಚರಣ ಶುರುವಾದರೆ ಆ ಕಾಯುವಿಕೆಗೆ ಜಾಗವಿಲ್ಲ. ಕಿವಿ ಸಾಹಿತ್ಯದ ಹಿಂದೆ ಹೋಗುತ್ತದೆ. 2013ರಲ್ಲಿ ಡ್ರಮ್ ಮಷಿನ್ ಬದಲು ಡ್ರಮ್ಮರ್‌ಗಳು, ನೈಲ್ ರಾಜರ್ಸ್ ಗಿಟಾರ್, ಫ್ಯಾರೆಲ್ ವಿಲಿಯಮ್ಸ್ ಕಂಠ ಬಂದವು. ಕೈಯಿಂದ ನುಡಿಸಿದ ಬಾಸ್‌ನ ಸಣ್ಣ ಏರಿಳಿತಗಳಿಗಾಗಿ ನಾನು ಎರಡನೇ ಬಣದ ಕಡೆ ವಾಲುತ್ತೇನೆ. ನೀವೂ ತೀರ್ಪು ಕೊಡುವ ಮೊದಲು ಆ್ಯಪ್‌ನಲ್ಲಿ ಹಾಡುಗಳ ಜೋರನ್ನು ಸಮ ಮಾಡುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ, ಎರಡನ್ನೂ ಒಂದೇ ಇಯರ್‌ಫೋನ್‌ನಲ್ಲಿ ಕೇಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ.

ಪ್ರಶ್ನೆ: ಗಣಪತಿ ಮೆರವಣಿಗೆಯಲ್ಲಿ ಹಳೆಯ ಎಲೆಕ್ಟ್ರಾನಿಕ್ ಟ್ರ್ಯಾಕ್ ಹಾಕಿದರೆ ರಸ್ತೆ ನಡುಗುತ್ತದೆ. ಅದೇ ತಂಡದ ಹೊಸ, ಹಾಡಿರುವ ಟ್ರ್ಯಾಕ್ ಹಾಕಿದರೆ ಮಾತೇ ಕೇಳದು, ಹುಡುಗರು 'ಬದಲಾಯಿಸಿ' ಅಂತಾರೆ. ತಪ್ಪು ಹಾಡಿನದೋ ಸೆಟ್‌ನದೋ?
– ಓದುಗರು, ಬಿ.ಡಿ. ರಸ್ತೆ, ಚಿತ್ರದುರ್ಗ

ಉತ್ತರ: ಬಹುಪಾಲು ಸೆಟ್‌ನದು. ಮೊದಲು ಪಿನ್ ನೋಡಿ. ಲ್ಯಾಪ್‌ಟಾಪ್‌ನ ಸ್ಟೀರಿಯೊ ಪಿನ್ನನ್ನು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ ಚಾನೆಲ್‌ಗೆ (ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವಂಥದ್ದು) ಚುಚ್ಚಿದರೆ, ಎಡ ಬಲ ಎರಡರಲ್ಲೂ ಸಮನಾಗಿರುವುದು ಒಂದನ್ನೊಂದು ಅಳಿಸುತ್ತದೆ. ಮುಖ್ಯ ಗಾಯನ ಇರುವುದೇ ಆ ನಡುವಿನಲ್ಲಿ. ದನಿ ಮಾಯ, ಅದರ ಪ್ರತಿಧ್ವನಿ ಮಾತ್ರ ಉಳಿಯುತ್ತದೆ. ಎಡ ಬಲ ಬೇರೆ ಮಾಡುವ ಕವಲು ತಂತಿ, ವೈ ಕೇಬಲ್ ಹಾಕಿ ಎರಡು ಚಾನೆಲ್‌ಗೆ ಕೊಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಿರುಗಿಸಿ.

ಪಿನ್ ಸರಿಯಿದ್ದೂ ಪ್ರತಿ ಬೀಟ್‌ಗೆ ದನಿ ಮುಳುಗಿ ಏಳುತ್ತಿದ್ದರೆ, ಶಬ್ದ ಮಿತಿ ಮೀರದಂತೆ ತಡೆಯುವ ಲಿಮಿಟರ್ ಕಡೆ ನೋಡಿ. ಕಿಕ್, ಅಂದರೆ ದೊಡ್ಡ ಡ್ರಮ್‌ನ ಹೊಡೆತ, ಅದನ್ನು ಒತ್ತಿದಾಗೆಲ್ಲ ಇಡೀ ಹಾಡು ಕುಗ್ಗುತ್ತದೆ. ಹಳೆಯ ಟ್ರ್ಯಾಕ್‌ನಲ್ಲಿ ಆ ಕುಗ್ಗುವಿಕೆ ಮಜಾ ಕೊಡುತ್ತದೆ, ಹಾಡಿನಲ್ಲಿ ಪದಗಳನ್ನು ತಿನ್ನುತ್ತದೆ. ಬಾಸ್ ಬಿನ್‌ಗಳನ್ನು (ಬಾಸ್ ಸ್ಪೀಕರ್ ಪೆಟ್ಟಿಗೆಗಳು) 6 ಡಿಬಿ (ಡೆಸಿಬೆಲ್) ಇಳಿಸಿ. 300 ಹರ್ಟ್ಸ್ ಆಸುಪಾಸು 3 ಡಿಬಿ ತಗ್ಗಿಸಿ, ಗುಂಯ್‌ಗುಡುವುದು ಅಲ್ಲೇ. ವ್ಯಂಜನಗಳು ತಿಳಿಯುವುದು 2ರಿಂದ 4 ಕಿಲೋಹರ್ಟ್ಸ್‌ನಲ್ಲಿ. ಅಲ್ಲಿ 2 ಡಿಬಿ ಏರಿಸಿದರೆ ಸಾಕು, ಹೆಚ್ಚಾದರೆ ಕಿವಿಗೆ ಚುಚ್ಚುತ್ತದೆ. ಆಂಪ್ಲಿಫೈಯರ್‌ನ ಕ್ಲಿಪ್ ದೀಪ ಹೊತ್ತಿಕೊಂಡೇ ಇದ್ದರೆ ಟ್ವೀಟರ್ (ತೆಳು ದನಿಯ ಸಣ್ಣ ಸ್ಪೀಕರ್) ಸುಡುತ್ತದೆ, ಆಮೇಲೆ ಈಕ್ವಲೈಸರ್‌ನ ಯಾವ ಗುಂಡಿ ತಿರುಗಿಸಿದರೂ ಮಾತು ಬರದು.

ಇನ್ನು ರಸ್ತೆ. ಎರಡು ಕಡೆ ಕಟ್ಟಡ, ಮುಂದೊಂದು ಗಾಡಿ, ಹಿಂದೊಂದು ಗಾಡಿ. 17 ಮೀಟರ್ ದಾಟಲು ಶಬ್ದಕ್ಕೆ 50 ಮಿಲಿಸೆಕೆಂಡು ಬೇಕು. ಎರಡೂ ಗಾಡಿಯಲ್ಲಿ ಒಂದೇ ಹಾಡು ಬಂದರೆ ಪದದ ಮೇಲೆ ಪದ ಬೀಳುತ್ತದೆ. ಹಾಡಿರುವ ಟ್ರ್ಯಾಕ್ ಬಂದಾಗ ಹಿಂದಿನ ಗಾಡಿಯ ಟಾಪ್‌ಗಳನ್ನು (ಮೇಲಿನ, ದನಿ ಬರುವ ಸ್ಪೀಕರ್‌ಗಳು) ಮುಚ್ಚಿ, ಬಾಸ್ ಮಾತ್ರ ಬಿಡಿ.

ಟ್ರ್ಯಾಕ್ ಕೂಡಿಸುವಾಗ ಒಂದು ಎಚ್ಚರ: 125 ಬಿಪಿಎಂನಿಂದ ನೇರ 116ಕ್ಕೆ ಇಳಿಯಬೇಡಿ. ಪಿಚ್ ಶೇ 6 ಬದಲಾದರೆ ದನಿ ಅರ್ಧ ಸ್ವರ ಸರಿಯುತ್ತದೆ, ವೇಗ ಬದಲಾದರೂ ಶ್ರುತಿ ಹಿಡಿದಿಡುವ ಕೀ ಲಾಕ್ ಹಾಕಿದರೆ ಗಾಯನ ಒಡೆದಂತೆ ಕೇಳುತ್ತದೆ. ನಡುವೆ 120ರ, ಮಾತಿಲ್ಲದ ಟ್ರ್ಯಾಕ್ ಒಂದಿರಲಿ.

ಪ್ರಶ್ನೆ: ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೊ-ಟ್ಯೂನ್ ಹಾಕಿದ ದನಿ ಮೋಸವಲ್ಲವೇ?
– ಓದುಗರು, ಹೊಳಲ್ಕೆರೆ

ಉತ್ತರ: ಅಲ್ಲ. ಡಾಫ್ಟ್ ಪಂಕ್ 2000ದಲ್ಲೇ ಗಾಯಕ ರೊಮ್ಯಾಂಥನಿ ಕಂಠಕ್ಕೆ ಅದನ್ನು ಎದ್ದು ಕಾಣುವಂತೆ ಹಾಕಿದರು, ಆಗಲೂ ಜಗಳವಾಯಿತು. ಬಚ್ಚಿಟ್ಟಿಲ್ಲದ ಮೇಲೆ ಅದೊಂದು ಬಣ್ಣ, ಅಷ್ಟೆ. ನೀವೇ ಹಾಕುವುದಾದರೆ, ರೀಟ್ಯೂನ್ ವೇಗ (ಸ್ವರವನ್ನು ಎಷ್ಟು ಬೇಗ ತಿದ್ದಬೇಕೆಂಬ ಅಳತೆ) ಸೊನ್ನೆಗೆ ಇಟ್ಟರೆ ಗಮಕವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ತುಂಡಾಗುತ್ತದೆ. ಕನ್ನಡದ ಹಾಡಿಗೆ 40ರಿಂದ ಶುರು ಮಾಡಿ ಕೇಳಿ ನೋಡಿ.