ಅಳು ಬರಲಿಲ್ಲ ಎಂಬ ದೂರು

ನಾಜಿಗಳು ಅಧಿಕಾರಕ್ಕೇರುತ್ತಿದ್ದ ಕಾಲದ ಬರ್ಲಿನ್ನಿನ ನೈಟ್‌ಕ್ಲಬ್ಬೊಂದರ ಸುತ್ತ ನಡೆಯುವ ‘ಕ್ಯಾಬರೆ’ ಸಂಗೀತ ನಾಟಕದ ಬಗ್ಗೆ ಓದುಗರೊಬ್ಬರು ಬರೆದಿದ್ದಾರೆ: “ಸ್ಯಾಮ್ ಮೆಂಡಿಸ್ ನಿರ್ದೇಶನದ 1993ರ ಲಂಡನ್ ಪ್ರಯೋಗದ ಚಿತ್ರೀಕರಣ ನೋಡಿ ಕೊನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಆಮೇಲೆ ಲಂಡನ್ನಿನಲ್ಲಿ ರೆಬೆಕಾ ಫ್ರೆಕ್‌ನಾಲ್ ಅವರ ಪ್ರಯೋಗ ನೋಡಿದೆ. ಅಲ್ಲಿ ಕೊನೆಗೆ ಎಲ್ಲರೂ ಮಾಸಲು ಬಣ್ಣದ ಸೂಟು ತೊಟ್ಟು ಸುತ್ತುತ್ತಾರೆ, ಅಷ್ಟೆ. ಅಳು ಬರಲಿಲ್ಲ. ಒಂದೇ ನಾಟಕಕ್ಕೆ ಇಷ್ಟೊಂದು ಕೊನೆಗಳೇಕೆ? ನಿಜವಾದದ್ದು ಯಾವುದು?”

ನಾಟಕದ ಕೊನೆಯ ಎರಡು ನಿಮಿಷಕ್ಕಾಗಿ ಜಗಳಕ್ಕೆ ನಿಲ್ಲುವ ಓದುಗರು ಸಿಕ್ಕರೆ ಸಂಪಾದಕನಿಗೆ ಇನ್ನೇನು ಬೇಕು? ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆದರೆ ಅಳು ಬಂದರೆ ಗೆದ್ದಿತು, ಬಾರದಿದ್ದರೆ ಸೋತಿತು ಎಂಬ ನಿಮ್ಮ ಅಳತೆಗೋಲಿನ ಬಗ್ಗೆ ನನಗೆ ತಕರಾರಿದೆ.

ಮೆಂಡಿಸ್ ಅವರ ಕೊನೆ ಬಲವಾದದ್ದೇ, ಒಪ್ಪುತ್ತೇನೆ. ಇಡೀ ರಾತ್ರಿ ನಮ್ಮನ್ನು ನಗಿಸಿದ, ಆ ಕ್ಲಬ್ಬಿನ ನಿರೂಪಕ ಉದ್ದನೆಯ ಕೋಟು ಕಳಚುತ್ತಾನೆ. ಒಳಗೆ ನಾಜಿ ಯಾತನಾ ಶಿಬಿರದ ಪಟ್ಟೆಪಟ್ಟೆ ಬಟ್ಟೆ, ಎದೆಯ ಮೇಲೆ ಯೆಹೂದಿಗಳ ಗುರುತಾದ ಹಳದಿ ನಕ್ಷತ್ರ, ಸಲಿಂಗಿಗಳ ಗುರುತಾದ ಗುಲಾಬಿ ತ್ರಿಕೋನ. ಆ ಪಾತ್ರದಲ್ಲಿ ಅಲನ್ ಕಮಿಂಗ್ ನಿಂತ ಬಗೆಯನ್ನು ಮರೆಯುವುದು ಕಷ್ಟ. ಆದರೆ ಹಾಗೆ ಅತ್ತ ಮೇಲೆ ಏನಾಗುತ್ತದೆ ಯೋಚಿಸಿ. ಕೊಂದವರು ಯಾರೋ, ಸತ್ತವನು ಇವನು, ಮರುಗಿದವರು ನಾವು. ಕಣ್ಣೊರೆಸಿಕೊಂಡು ಹಗುರಾಗಿ ಹೊರಗೆ ಬರುತ್ತೇವೆ. ಗೊರಿಲ್ಲಾ ವೇಷದ ಜೊತೆಗಾತಿಯೊಂದಿಗೆ ಕುಣಿದು, ಹಾಡಿನ ಕಡೇ ಸಾಲಿನಲ್ಲಿ ಯೆಹೂದಿಗಳನ್ನು ಹೀಯಾಳಿಸಿದವನೂ ಇದೇ ನಿರೂಪಕ, ಅದಕ್ಕೆ ನಕ್ಕವರು ನಾವು ಎಂಬುದು ಆ ಕಣ್ಣೀರಿನಲ್ಲಿ ಕೊಚ್ಚಿಹೋಗುತ್ತದೆ.

ಈಗ ನಾಟಕದ ಮೊದಲ ಪ್ರಯೋಗಕ್ಕೆ, 1966ರ ನವೆಂಬರಿಗೆ ಹೋಗೋಣ. ನ್ಯೂಯಾರ್ಕಿನ ಬ್ರಾಡ್‌ಹರ್ಸ್ಟ್ ರಂಗಮಂದಿರ, ನಿರ್ದೇಶಕ ಹೆರಾಲ್ಡ್ ಪ್ರಿನ್ಸ್. ಪ್ರೇಕ್ಷಕರು ಒಳಗೆ ಬಂದಾಗ ಪರದೆಯೇ ಇಲ್ಲ. ಬರಿದಾದ ರಂಗದ ಮೇಲೆ ಮುಂದಕ್ಕೆ ವಾಲಿದ ದೊಡ್ಡ ಕನ್ನಡಿ. ಕುರ್ಚಿ ಹುಡುಕುವ, ಕೋಟು ಮಡಚುವ ತಮ್ಮನ್ನೇ ಅವರು ಅದರಲ್ಲಿ ಕಂಡರು. ನಾಟಕ ಮುಗಿದಾಗಲೂ ಅದೇ ಕನ್ನಡಿ, ಅದೇ ಮುಖಗಳು. ಆ ಕನ್ನಡಿಯನ್ನು ಕಟ್ಟಿದ ಬೋರಿಸ್ ಆರನ್ಸನ್ ಕೀವ್‌ನಲ್ಲಿ ಹುಟ್ಟಿದ ಯೆಹೂದಿ, ಅಮೆರಿಕಕ್ಕೆ ಹೋಗುವ ಮುನ್ನ ಬರ್ಲಿನ್ನಿನಲ್ಲಿ ಬಾಳಿದವರು. ಅದರೆದುರು ಮನೆಯೊಡತಿ ಷ್ನೈಡರ್ ಆಗಿ ನಿಂತ ಲೋಟೆ ಲೆನ್ಯಾ ಬರ್ಲಿನ್ನಿನ ರಂಗದಲ್ಲೇ ಹೆಸರು ಮಾಡಿ 1933ರಲ್ಲಿ ಜರ್ಮನಿ ಬಿಟ್ಟವರು. ಷ್ನೈಡರ್ ಹೆದರಿಕೊಂಡು ಯೆಹೂದಿ ವ್ಯಾಪಾರಿಯೊಂದಿಗೆ ನಿಶ್ಚಯವಾಗಿದ್ದ ಮದುವೆಯನ್ನು ಮುರಿಯುತ್ತಾಳೆ. ‘ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಹಾಡಿನಲ್ಲೇ ಕೇಳುತ್ತಾಳೆ. ಆ ಪ್ರಶ್ನೆಯಾದ ಮೇಲೆ, ಕೊನೆಯಲ್ಲಿ ಬಂದು ನಿಲ್ಲುವುದು ಕನ್ನಡಿ. ಅವಳಿಗೆ ಉತ್ತರ ಹೇಳಬೇಕಾದವರನ್ನೇ ಅದು ತೋರಿಸುತ್ತದೆ.

ಪ್ರಿನ್ಸ್ ಅವರಿಗೂ ಎಲ್ಲವನ್ನೂ ಬಿಡಿಸಿ ಹೇಳುವ ಆಸೆ ಬಂದಿತ್ತು. ಅಮೆರಿಕದ ಸೆಲ್ಮಾದಲ್ಲಿ ಕರಿಯರು ಮತದಾನದ ಹಕ್ಕಿಗಾಗಿ ನಡೆಸಿದ ಮೆರವಣಿಗೆ, ಲಿಟಲ್ ರಾಕ್‌ನಲ್ಲಿ ಕರಿಯ ಮಕ್ಕಳು ಬಿಳಿಯರ ಶಾಲೆ ಸೇರಿದಾಗ ನಡೆದ ಗಲಭೆಯ ಚಿತ್ರಗಳನ್ನು ಕೊನೆಯಲ್ಲಿ ತೋರಿಸಿ, ಇದು ಜರ್ಮನಿಯ ಕಥೆ ಮಾತ್ರವಲ್ಲ ಎನ್ನಬೇಕೆಂದಿದ್ದರು. ಆಮೇಲೆ ಅದು ಕೆಟ್ಟ ಯೋಚನೆ ಎಂದು ತಾವೇ ಕೈಬಿಟ್ಟರು. ಅವರ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ ಸಂಗತಿ ಅದು. (ಅದೇ ಪ್ರಿನ್ಸ್, ಬಾಸ್ಟನ್ನಿನ ಆರಂಭದ ಪ್ರದರ್ಶನಗಳಲ್ಲಿ ವಿರೋಧ ಬಂದಾಗ ಗೊರಿಲ್ಲಾ ಹಾಡಿನ ಕಡೇ ಸಾಲನ್ನು ಬದಲಿಸಿದರು. ಆ ಸೋಲೂ ನಿಜ. 1972ರ ಸಿನಿಮಾದಲ್ಲಿ ಅದರ ನಿರ್ದೇಶಕ ಬಾಬ್ ಫಾಸಿ ಮೂಲ ಸಾಲನ್ನೇ ಇಟ್ಟುಕೊಂಡರು.)

ಇನ್ನು ನಿಮಗೆ ಸಪ್ಪೆಯೆನಿಸಿದ ಸೂಟುಗಳು. ಆ ಪ್ರಯೋಗವನ್ನು ನಾನೂ ನೋಡಿದ್ದೇನೆ. ರಂಗ ನಡುವೆ, ಪ್ರೇಕ್ಷಕರು ಸುತ್ತಲೂ. ನನ್ನ ನೇರ ಎದುರಿಗೆ ಒಬ್ಬರು ನಡುವಯಸ್ಸಿನವರು ಕೂತಿದ್ದರು. ಮೊದಲ ಹಾಡಿಗೆ ಟೇಬಲ್ಲಿನ ಮೇಲೆ ಬೆರಳಲ್ಲಿ ತಾಳ ಹಾಕಿದವರು, ಗೊರಿಲ್ಲಾ ಹಾಡಿಗೆ ತಲೆ ಹಿಂದಕ್ಕೆಸೆದು ನಕ್ಕವರು. ಕೊನೆಯಲ್ಲಿ ಬಣ್ಣಬಣ್ಣದ ಜನ ಒಬ್ಬೊಬ್ಬರಾಗಿ ಒಂದೇ ಅಚ್ಚಿನ ಸೂಟಿನೊಳಗೆ ಸೇರಿಹೋದರು, ನಿರೂಪಕನೂ ಸೇರಿದ. ಅವರು ಸುತ್ತುತ್ತಿದ್ದಾಗ ನನ್ನ ಕಣ್ಣು ಆ ಮನುಷ್ಯನ ಮೇಲೆ ಬಿತ್ತು. ತುಟಿಯ ಮೇಲೆ ಅರ್ಧ ನಗು ಹಾಗೇ ನಿಂತಿತ್ತು. ಚಪ್ಪಾಳೆಗೆಂದು ಎತ್ತಿದ ಕೈಗಳು ಎದೆಯ ಮಟ್ಟದಲ್ಲೇ ಉಳಿದಿದ್ದವು. ಅವರೂ ನನ್ನನ್ನೇ ನೋಡುತ್ತಿದ್ದರು. ನನ್ನ ಕೈಗಳೂ ಹಾಗೇ ಇದ್ದವು. ಕನ್ನಡಿ ಇಲ್ಲದೆಯೇ ಕನ್ನಡಿ!

ನಿಜವಾದ ಕೊನೆ ಯಾವುದು ಎಂದು ಕೇಳಿದಿರಿ. ಜೋ ಮಾಸ್ಟರಾಫ್ ಬರೆದ 1966ರ ನಾಟಕದಲ್ಲಿ ಅಮೆರಿಕದ ಲೇಖಕ ರೈಲು ಹತ್ತಿ ಬರ್ಲಿನ್ ಬಿಡುತ್ತಾನೆ, ಕಂಡದ್ದನ್ನು ಬರೆಯತೊಡಗುತ್ತಾನೆ. ಮೊದಲಿನ ಸ್ವಾಗತದ ಹಾಡು ಒಡೆದ ಸ್ವರದಲ್ಲಿ ಮರಳಿ ಬರುತ್ತದೆ, ನಿರೂಪಕ ವಿದಾಯ ಹೇಳುತ್ತಾನೆ. ಶಿಬಿರದ ಬಟ್ಟೆ ಅದರಲ್ಲಿಲ್ಲ. ಅದು ಇಪ್ಪತ್ತೇಳು ವರ್ಷದ ನಂತರ ಬಂದದ್ದು.

ಈ ಎಲ್ಲವನ್ನೂ ಹೇಳಿಬಿಡುವ ಆತುರ ಈಗ ಎಲ್ಲೆಲ್ಲೂ ಇದೆ. ನಾಟಕ ಶುರುವಾಗುವ ಮುಂಚೆ ಕರಪತ್ರದಲ್ಲಿ ನಿರ್ದೇಶಕರ ಆಶಯ, ಮುಗಿದ ಮೇಲೆ ಸಂವಾದ, ಮರುದಿನದ ವಿಮರ್ಶೆಯಲ್ಲಿ ಸಂದೇಶ. ನೋಡುವವನಿಗೆ ಒಂದು ರಾತ್ರಿಯ ಗೊಂದಲವನ್ನೂ ಬಿಟ್ಟುಕೊಡುವುದಿಲ್ಲ. ನಮ್ಮ ಪತ್ರಿಕೆಗೆ ಬರುವ ಕಥೆಗಳೂ ಹಾಗೇ. ಕಥೆ ಮುಗಿದ ಮೇಲೆ ಅದರ ಅರ್ಥ ಹೇಳುವ ಒಂದು ಪ್ಯಾರಾ. ಅದಕ್ಕೆ ಕತ್ತರಿ ಹಾಕುತ್ತೇನೆ, ಲೇಖಕರು ಮುನಿಸಿಕೊಳ್ಳುತ್ತಾರೆ. ಮೂವತ್ತು ಪುಟ ನಂಬಿದ ಓದುಗನನ್ನು ಕೊನೆಯ ಅರ್ಧ ಪುಟದಲ್ಲಿ ನಂಬದಿರುವುದು ಯಾವ ನ್ಯಾಯ?

ನಿಮ್ಮ ಪತ್ರದಲ್ಲೂ ಶಿಬಿರದ ಬಟ್ಟೆಯ ಅರ್ಥ ವಿವರಿಸುವ ನಾಲ್ಕು ಸಾಲು ಕೊನೆಯಲ್ಲಿದ್ದವು. ಅವನ್ನು ಅಚ್ಚಿಗೆ ಕೊಟ್ಟಿಲ್ಲ, ಬೇಸರಿಸಬೇಡಿ. ಅದಕ್ಕೂ ಮುಂಚಿನ ಒಂದು ಸಾಲನ್ನು ನೀವು ಬರೆದು, ಹೊಡೆದುಹಾಕಿದ್ದೀರಿ. ಆದರೂ ಓದಲು ಬರುತ್ತದೆ: “ಊರಿಗೆ ಬಂದು ಎರಡು ವಾರವಾದರೂ ಆ ಸೂಟಿನವರು ಕಣ್ಣ ಮುಂದೆ ಸುತ್ತುತ್ತಲೇ ಇದ್ದಾರೆ.”